ಒತ್ತಿದಷ್ಟೂ ಸಡಿಲವಾದ ಗುಂಡುಗಳು

"ಕೇಳಿರಪ್ಪೋ ಕೇಳಿ! ಶಿಲಾವತಿಯ ದೊರೆ ಚಂಡವರ್ಮರ ಅಪ್ಪಣೆ! ಅರಮನೆಯ ಮಾಯಗನ್ನಡಿಯ ಮೇಲೆ ಮೂರು ಒಗಟು. ಬಿಡಿಸಿದವರಿಗೆ ಅರ್ಧ ರಾಜ್ಯ. ತಪ್ಪಿದವರಿಗೆ ಹುಣ್ಣಿಮೆಯ ಸಂಜೆ ತಲೆದಂಡ. ಉತ್ತರಕ್ಕೆ ಮೊದಲು ದೊರೆಯನ್ನು ಒಂದೇ ಒಂದು ಮಾತು ಕೇಳಬಹುದು. ದೊರೆ ಅದಕ್ಕೆ ನಿಜವನ್ನೇ ಹೇಳುತ್ತಾರೆ!"

ಡಂಗುರ ಹೊಳೆಯಾಚೆಗೂ ಕೇಳಿಸಿತು. ಅಂಬಿಗರ ದುರುಗ ಮನೆಯಲ್ಲಿ ಯಾರಿಗೂ ಹೇಳದೆ ಪಣಕ್ಕೆ ಹೋದ. ಅವನು ಸೆರೆಯಲ್ಲಿದ್ದಾನೆಂಬ ಸುದ್ದಿ ತಮ್ಮ ಮಾಳಿಂಗನಿಗೆ ತಲುಪಿದ್ದು ಹುಣ್ಣಿಮೆಯ ದಿನವೇ. ಮಾಳಿಂಗ ಹರಿಗೋಲನ್ನು ದಡಕ್ಕೆಳೆದು ನೆಟ್ಟಗೆ ಅರಮನೆಗೆ ನಡೆದ. ಹೆಬ್ಬಾಗಿಲಲ್ಲಿ ಜನವೋ ಜನ. ಎಲ್ಲ ಕಡೆಯಿಂದ ನೂಕಿಸಿಕೊಂಡು, ಹರಿದ ಅಂಗಿಯಲ್ಲೇ ಸಭೆಯ ನಡುವೆ ಬಂದು ನಿಂತ.

"ಅರ್ಧ ರಾಜ್ಯದ ಆಸೆಯೋ?" ಎಂದ ದೊರೆ.

"ಅಣ್ಣನ ತಲೆಯ ಆಸೆ. ನಿಮ್ಮ ಒಗಟು ಕೇಳಿ."

ಸಿಂಹಾಸನದ ಪಕ್ಕದಲ್ಲಿ ಕನ್ನಡಿಯ ಮೇಲೆ ಕಪ್ಪು ಬಟ್ಟೆ ಇಳಿಬಿದ್ದಿತ್ತು. ಯಾವ ಲೋಕದಲ್ಲೂ ಇಲ್ಲದ ಗುಂಡುಗಳು ಅದರೊಳಗೆ ಆಡುತ್ತಿದ್ದವು. ದೊರೆ ಕನ್ನಡಿಗೆ ಎಂಥ ನಿಯಮ ಹೇಳಿದರೆ ಅಂಥ ನಿಯಮಕ್ಕೆ ತಕ್ಕಂತೆ ಆಡುತ್ತಿದ್ದವು.

ದೊರೆ ಮೊದಲ ಒಗಟು ಹೇಳಿದ. "ಕನ್ನಡಿಯೊಳಗೊಂದು ಕೊಳ. ಅದಕ್ಕೆ ಒಂದಿಷ್ಟು ಗುಂಡು ಸುರಿದೆ, ಅಲೆದಾಡಿದವು. ಇನ್ನಷ್ಟು ಸುರಿದೆ, ಸೈನಿಕರಂತೆ ಸಾಲುಗಟ್ಟಿ ನಿಂತವು. ಮತ್ತೂ ಮತ್ತೂ ಸುರಿದೆ. ಸಾಲು ಏನಾಯಿತು?"

ಮಾಳಿಂಗನಿಗಿಂತ ಮುಂದೆ ನಿಂತಿದ್ದ ಮಣಿಪುರಿಯ ರಾಜಕುಮಾರ, "ಕೊಳ ಎಷ್ಟು ದೊಡ್ಡದು?" ಎಂದು ಕೇಳಿ, ಬೆರಳಲ್ಲಿ ಏನೋ ಎಣಿಸಿ, "ಸಾಲು ಇನ್ನೂ ಬಿಗಿಯಾಯಿತು" ಎಂದ. ಭಟರು ಅವನ ತೋಳು ಹಿಡಿದರು. ಅವನ ಹಿಂದಿದ್ದ ಸಾಹುಕಾರನ ಮಗ ಗುಂಡುಗಳ ಬೆಲೆ ಕೇಳಿ, "ತುಂಬಿ ಹೊರಗೆ ಚೆಲ್ಲಿದವು" ಎಂದ. ಅವನನ್ನೂ ಎಳೆದೊಯ್ದರು. ದುರುಗನಂತೂ ಏನೂ ಕೇಳದೆಯೇ "ಒಡೆದು ಪುಡಿಯಾದವು" ಎಂದಿದ್ದನಂತೆ.

ಮಾಳಿಂಗ ಕೇಳಿದ: "ಒಂದು ಗುಂಡು ಇನ್ನೊಂದರ ಮೈಮೇಲೆ ಬಂದರೆ ಅದು ಏನು ಮಾಡುತ್ತೆ?"

ದೊರೆಯ ಮುಖ ಸಣ್ಣದಾಯಿತು. ಈ ಮಾತನ್ನು ಯಾರೂ ಕೇಳಿರಲಿಲ್ಲ. "ಮೆತ್ತಗೆ ತಳ್ಳುತ್ತದೆ. ಆದರೆ ತಡೆಯುವುದಿಲ್ಲ. ಒಂದರೊಳಗೊಂದು ಹೊಕ್ಕು ದಾಟಬಹುದು."

"ಹಾಗಾದರೆ ಸಾಲು ಮುರೀತು! ಕಲ್ಲುಗುಂಡಾಗಿದ್ದರೆ ಬಿಗಿಯಾಗ್ತಿತ್ತು. ಇವು ಮೆತ್ತನೆಯವು. ಒತ್ತಿದಷ್ಟೂ ಒಂದರೊಳಗೊಂದು ಹೊಕ್ಕು, ಸಾಲು ಕರಗಿ ಮತ್ತೆ ನೀರಿನಂತಾದವು."

"ಸರಿ," ಎಂದ ದೊರೆ ಹಲ್ಲು ಕಚ್ಚಿ. "ಎರಡನೆಯದು. ಅವುಗಳಲ್ಲೊಂದು ಕೆಂಪು ಗುಂಡು. ಸಾಲು ಕರಗಿದ ಮೇಲೂ ಸುರಿಯುತ್ತಲೇ ಹೋದೆ. ಅದರ ಓಡಾಟ ನಿಧಾನವಾಯಿತೋ, ಬಿರುಸಾಯಿತೋ? ಕಾರಣವನ್ನೂ ಹೇಳು."

"ಬಿರುಸಾಯಿತು. ಎಡಗಡೆಯಿಂದ ಒಬ್ಬನೇ ತಳ್ಳಿದರೆ ನಾನು ಬಲಕ್ಕೆ ಬೀಳ್ತೀನಿ. ಸುತ್ತಲೂ ಎಲ್ಲರೂ ಒಂದೇ ಸಮ ಮೆತ್ತಗೆ ತಳ್ಳಿದರೆ ಒಬ್ಬರ ತಳ್ಳನ್ನು ಇನ್ನೊಬ್ಬರದು ತಿಂದುಹಾಕುತ್ತೆ. ಆಮೇಲೆ ಉಳಿಯೋದು ನನ್ನ ಕಾಲು, ನನ್ನ ದಾರಿ. ಇಕ್ಕಟ್ಟು ಹೆಚ್ಚಿದಷ್ಟೂ ಕೆಂಪು ಗುಂಡನ್ನು ಹಿಡಿದಿಡೋರು ಕಡಿಮೆ."

ಜನ "ಭಲೆ!" ಎಂದರು. ದೊರೆ ಎದ್ದು, ಬಟ್ಟೆಯೊಳಗೆ ತಲೆ ತೂರಿಸಿ ಕನ್ನಡಿಗೆ ಏನೋ ಪಿಸುಗುಟ್ಟಿ ಬಂದ.

"ಮೂರನೆಯದು. ಈಗ ಸಾಲು ನಿಂತಿದೆ, ಕದಲುವುದಿಲ್ಲ. ಸಾಲಿನಲ್ಲಿ ಗುಂಡು ಕೂರುವ ಒಂದು ಪೀಠವೂ ಖಾಲಿಯಿಲ್ಲ. ಆದರೂ ಕೆಂಪು ಗುಂಡು ಈ ಮೂಲೆಯಿಂದ ಆ ಮೂಲೆಗೆ ಹೋಯಿತು. ಹೇಗೆ?"

"ನಿಯಮ ಬದಲಾಯಿಸಿದಿರಿ," ಎಂದ ಮಾಳಿಂಗ. "ಹೊಸ ನಿಯಮಕ್ಕೆ ನನಗೆ ಹೊಸ ಪ್ರಶ್ನೆ ಬೇಕು."

"ಒಂದೇ ಮಾತು ಎಂದು ಸಾರಿಸಿದ್ದೇನೆ!"

"ನಡುವೆ ನಿಯಮ ತಿರುಚುತ್ತೇನೆಂದು ಸಾರಿಸಿದ್ದಿರಾ? ಇಲ್ಲವೆಂದರೆ ಇಲ್ಲೇ ನಿಂತಿರ್ತೀನಿ. ಕಡಿಯೋದಾದರೆ ಇವರೆಲ್ಲರ ಮುಂದೆ ಕಡಿಸಿ."

ಸಭೆಯ ಹಿಂದಿನಿಂದ ಒಬ್ಬ ಮುದುಕಿ, "ನ್ಯಾಯ ಅಂದರೆ ನ್ಯಾಯ!" ಎಂದು ಕೂಗಿದಳು. ಆ ಕೂಗು ಬಾಯಿಂದ ಬಾಯಿಗೆ ಹಬ್ಬಿತು. ದೊರೆ ಕೊನೆಗೆ ಹೇಳಿದ: "ಈಗ ಅಂಚು ತಾಗಿದರೂ, ಪೂರ್ತಿ ಮೈಮೇಲೇರಿದರೂ ತಳ್ಳು ಒಂದೇ. ಹೆಚ್ಚಿಲ್ಲ, ಕಡಿಮೆಯಿಲ್ಲ."

ಮಾಳಿಂಗ ಕುಕ್ಕರಿಸಿ, ನೆಲದ ಮೇಲೆ ಬೆರಳಲ್ಲಿ ಒಂದು ಗುಂಡು, ಅದರ ಸುತ್ತ ತಾಗುವಂತೆ ಆರು ಗುಂಡು ಬರೆದ. ಹಣೆಯ ಬೆವರು ಕಣ್ಣಿಗಿಳಿಯಿತು. ಕಿಟಕಿಯ ಬಿಸಿಲು ಕೆಂಪಗಾಗುತ್ತಿತ್ತು.

"ಆರು ಜನ ನೆರೆಯವರ ಅಂಚು ತುಳಿದರೆ ಆರು ಜಗಳ," ಎಂದ ತನಗೆ ತಾನೇ ಎಂಬಂತೆ. "ಒಬ್ಬನ ಪೀಠದಲ್ಲೇ ಪೂರ್ತಿ ಹತ್ತಿ ಕೂತರೆ ಒಂದೇ ಜಗಳ!" ತಲೆಯೆತ್ತಿದ. "ದೊರೆಗಳೇ, ಒಂದೊಂದು ಪೀಠದಲ್ಲೂ ಒಂದರ ಮೇಲೊಂದು ಗುಂಪಾಗಿ ಕೂತಿವೆ. ಸಾಲುಗಟ್ಟಿರೋದು ಗುಂಪುಗಳು. ಕೆಂಪು ಗುಂಡು ಈ ಗುಂಪಿನಿಂದ ಎದ್ದು ಪಕ್ಕದ ಗುಂಪಿಗೆ, ಅಲ್ಲಿಂದ ಅದರಾಚೆಯದಕ್ಕೆ ಜಿಗಿಯುತ್ತಾ ಹೋಯಿತು. ಖಾಲಿ ಪೀಠ ಬೇಕಾಗಲಿಲ್ಲ. ಸಾಲೂ ಕದಲಲಿಲ್ಲ. ಬಟ್ಟೆ ತೆಗೆಸಿ!"

ದೊರೆ ಅಲುಗಲಿಲ್ಲ. ಮಾಳಿಂಗನೇ ಹೋಗಿ ಬಟ್ಟೆ ಎಳೆದ. ಗುಂಪುಗಳು ಸಾಲಾಗಿ ನಿಂತಿದ್ದವು. ಅವುಗಳ ನಡುವೆ ಕೆಂಪು ಗುಂಡು ಗುಂಪಿನಿಂದ ಗುಂಪಿಗೆ ನೆಗೆಯುತ್ತಿತ್ತು. ಅರಮನೆ ನಡುಗುವಂತೆ ಜನ ಕೂಗಿದರು.

"ಗೆದ್ದೆ," ಎಂದ ದೊರೆ. "ಆದರೆ ಸೋತವರ ತಲೆ ಸಂಜೆಗೆ ಉರುಳುವುದು ಉರುಳುವುದೇ. ಅದೂ ಡಂಗುರದ ಮಾತು. ಬಡವನಿಗೆ ರಾಜ್ಯ ಯಾಕೆ? ಬೇಡವೆಂದುಬಿಡು, ನಿನ್ನ ಅಣ್ಣನೊಬ್ಬನನ್ನು ಬಿಡುತ್ತೇನೆ."

"ಬೇಡ ಅನ್ನೋಕೆ ನಾನು ಸನ್ಯಾಸಿಯಲ್ಲ. ಯಾವ ಅರ್ಧ ಅಂತ ಡಂಗುರದಲ್ಲಿ ಹೇಳಿಲ್ಲ, ಆರಿಸೋನು ನಾನು. ಸೆರೆಮನೆ ಯಾವ ದಿಕ್ಕಿಗಿದೆ? ಆ ಕಡೆಯ ಅರ್ಧ ನನ್ನದು, ಅಲ್ಲಿನ ತಲೆಗಳೂ ನನ್ನವೇ."

ಆಗ ಸೆರೆಮನೆಯ ಕಾವಲುಗಾರನೇ ಮುಂದೆ ಬಂದ. "ಪಡುವಣಕ್ಕೆ, ಒಡೆಯಾ," ಎಂದು, ಬೀಗದಕೈಗಳ ಗೊಂಚಲನ್ನು ಮಾಳಿಂಗನ ಕೈಗಿತ್ತ.