ಕೊಟ್ರೇಶ ಆರಿಸಿದ ಕಾರ್ಡು

ಹೊಳೆದಂಡೆಯ ಆಶ್ರಮದಲ್ಲಿ ನಿರ್ವಾಣಯ್ಯ ಎಂಬ ಗುರುಗಳಿದ್ದರು. ಅವರು ಮಂತ್ರ ಕಲಿಸುತ್ತಿರಲಿಲ್ಲ, ಕಂಪ್ಯೂಟರ್ ಜೋಡಿಸುವುದನ್ನು ಕಲಿಸುತ್ತಿದ್ದರು.

ಕಲಿತು ಮುಗಿಸಿದವನಿಗೆ ತಮ್ಮ ಜೇಬಿನ ಸ್ಕ್ರೂಡ್ರೈವರ್ ಕೊಡುತ್ತಿದ್ದರು. ಅದು ಕೈಗೆ ಬಂದವನು ಸ್ವಂತ ಅಂಗಡಿ ಹಾಕಬಹುದಿತ್ತು. ಶಿಷ್ಯ ಕೊಟ್ರೇಶನ ಕಣ್ಣು ಆ ಜೇಬಿನ ಮೇಲೇ ಇತ್ತು.

ಆಚೆ ದಡದ ದಾಕ್ಷಾಯಿಣಿ ಒಂದು ದಿನ ಬಂದಳು. ಕಾರ್ ರೇಸಿನ ಆಟ ಆಡುವ ಹುಡುಗಿ. ಮುಂದಿನ ವಾರ ಮನೆಯಿಂದಲೇ ದೊಡ್ಡ ಪಂದ್ಯ ಆಡುವವಳಿದ್ದಳು. ತೀರಾ ಅಗ್ಗವೂ ಅಲ್ಲದ, ದುಬಾರಿಯೂ ಅಲ್ಲದ ಕಂಪ್ಯೂಟರ್ ಬೇಕಿತ್ತು.

"ಈ ಸಲ ನೀನೇ ಆರಿಸು," ಎಂದರು ಗುರುಗಳು.

ಕೊಟ್ರೇಶ ಸಂಜೆಯೊಳಗೆ ಡಬ್ಬಗಳನ್ನು ತಂದು ಸಾಲಾಗಿ ಇಟ್ಟ. ಆಟದ ಚಿತ್ರ ಮೂಡಿಸುವ ಕಾರ್ಡಿನ ಡಬ್ಬವನ್ನು ಎತ್ತಿ ತೋರಿಸಿದ.

"ಈ ದುಡ್ಡಿಗೆ ಇದಕ್ಕಿಂತ ದೊಡ್ಡ ಗ್ರಾಫಿಕ್ಸ್ ಕಾರ್ಡು ಯಾರೂ ಕೊಡೋದಿಲ್ರಿ."

"ಪವರ್ ಸಪ್ಲೈ?"

"ಉಳಿದ ದುಡ್ಡಿಗೆ ಸಿಕ್ಕಿದ್ದು ತಂದೀನ್ರಿ."

"ಮಾನಿಟರ್?"

"ಆಕಿದು ಹಳೇದು ಐತಲ್ರಿ, ಸಾಕು."

ಗುರುಗಳು ನಕ್ಕರು. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ."

ಕೊಟ್ರೇಶನಿಗೆ ಸಿಟ್ಟು ಬಂತು. ಎಲ್ಲವನ್ನೂ ಜೋಡಿಸಿ, ಹಳೆಯ ಮಾನಿಟರನ್ನೇ ತರಿಸಿ, ದಾಕ್ಷಾಯಿಣಿಯನ್ನು ಕೂರಿಸಿದ.

ಮೊದಲ ತಿರುವಿನಲ್ಲೇ ಕಾರು ಗೋಡೆಗೆ ಬಡಿಯಿತು. ಹಳೆಯ ಮಾನಿಟರಿನಲ್ಲಿ ತಿರುವು ಅವಳ ಕಣ್ಣಿಗೆ ಬೀಳುವುದೇ ತಡವಾಗುತ್ತಿತ್ತು. ಮತ್ತೆ ಆಡಿದಳು. ಅರ್ಧ ದಾರಿಯಲ್ಲಿ ದೊಡ್ಡ ಕಾರ್ಡಿಗೆ ಕರೆಂಟು ಸಾಲದೆ ಕಂಪ್ಯೂಟರೇ ಆರಿಹೋಯಿತು.

"ಅಣ್ಣಾ, ಇದನ್ನ ನಂಬಿ ಪಂದ್ಯಕ್ಕೆ ಕೂರಲೇನು?" ಎಂದಳು.

ಕೊಟ್ರೇಶನಿಗೆ ನಾಚಿಕೆಯಾಯಿತು. ಆದರೂ ಜಂಬ ಬಿಡಲಿಲ್ಲ. ಗುರುಗಳತ್ತ ತಿರುಗಿದ.

"ಇನ್ನೂ ದೊಡ್ಡ ಕಾರ್ಡು ಹಾಕೋಣೇನ್ರಿ?"

ಗುರುಗಳು ಎದ್ದು ಹೋಗಿ, ಒಂದು ಸಂದಿಯಷ್ಟೇ ಬಿಟ್ಟು ಕಿಟಕಿ ಮುಚ್ಚಿದರು.

"ಹೊಳೆ ಕಾಣ್ತೈತೇನು?"

"ಒಂದು ಗೆರೆ ಕಾಣ್ತೈತ್ರಿ."

"ಹಂಗಾದ್ರೆ ಹೊಳೆಗೆ ಇನ್ನಷ್ಟು ನೀರು ಬಿಡಿಸೋಣೇನು?"

ಕೊಟ್ರೇಶನ ಕಣ್ಣು ಕಿಟಕಿಯ ಸಂದಿಯಿಂದ ಹಳೆಯ ಮಾನಿಟರಿನತ್ತ ಹೊರಳಿತು. ಆಮೇಲೆ ತಾನೇ ಹೋಗಿ ಕಿಟಕಿ ತೆರೆದ.

ಮರುದಿನ ದೊಡ್ಡ ಕಾರ್ಡನ್ನು ಹಿಂದಿರುಗಿಸಿದ. ಬದಲಿಗೆ ಹದವಾದ ಕಾರ್ಡು, ಗಟ್ಟಿಯಾದ ಪವರ್ ಸಪ್ಲೈ, ಚುರುಕಾದ ಹೊಸ ಮಾನಿಟರ್ ತಂದ. ತಂದದ್ದೆಲ್ಲ ಅದೇ ದುಡ್ಡಿನಲ್ಲಿ.

ದಾಕ್ಷಾಯಿಣಿ ಮತ್ತೆ ಕೂತಳು. ಕಾರು ತಿರುವಿಗೆ ಬಂತು, ತಿರುಗಿತು, ಮುಂದೆ ಹೋಯಿತು. ಡಬ್ಬದೊಳಗೆ ಏನಿದೆ ಎಂದು ಅವಳು ಕೇಳಲೂ ಇಲ್ಲ. ಆಟ ಮುಗಿದಾಗ ಅವಳ ಮುಖ ನೋಡಿ ಕೊಟ್ರೇಶನಿಗೆ ತಾನೇ ಗೆದ್ದಷ್ಟು ಖುಷಿಯಾಯಿತು.

ಅವನು ಗುರುಗಳ ಮುಂದೆ ಕೈಯೊಡ್ಡಿದ.

"ಕಲಿತೆನ್ರಿ. ಮೊದಲು ಮಾನಿಟರ್, ಆಮೇಲೆ ಪವರ್ ಸಪ್ಲೈ, ಕಾರ್ಡು ಕೊನೆಗೆ."

ಜೇಬಿಗೆ ಹೋಗಿದ್ದ ಗುರುಗಳ ಕೈ ಬರಿದಾಗಿಯೇ ಹೊರಬಂತು.

"ಎಲ್ಲಾ ಜೋಡಿಸಿ ಆದ ಮೇಲೆ, ಕಟ್ಟಕಡೆಗೆ ಬಂದು ಕೂಡಿಕೊಂಡಿದ್ದು ಯಾವುದಪ್ಪಾ?"

ಕೊಟ್ರೇಶ ಡಬ್ಬ ನೋಡಿದ, ತಂತಿಗಳನ್ನು ನೋಡಿದ. ಕೊನೆಗೆ ಅವನ ಕಣ್ಣು ಕುರ್ಚಿಯ ಕಡೆ ಹೋಯಿತು.

"ದಾಕ್ಷಾಯಿಣಿ ರೀ," ಎಂದ ಮೆಲ್ಲಗೆ.

ಗುರುಗಳು ಸ್ಕ್ರೂಡ್ರೈವರನ್ನು ಅವನ ಅಂಗೈಯಲ್ಲಿಟ್ಟರು.

"ನಾಳೆಯಿಂದ ಆ ಕುರ್ಚಿಯಲ್ಲಿ ಕೂರೋರಿಂದಲೇ ಶುರು ಮಾಡು."