ಬೆನ್ನು ಒಳಗೆ, ಮುಖ ಹೊರಗೆ

ಒಂದು ಕಾಡಿನ ಅಂಚಿನಲ್ಲಿ ಕಣ್ಣು ಹಾಯಿಸಿದಷ್ಟು ದೂರವೂ ಹುಲ್ಲೇ ಹುಲ್ಲು. ಅದು ಸಮುದ್ರದಾಚೆ ಲಕೋಟ ಎಂಬ ಮೂಲನಿವಾಸಿ ಜನರ ನಾಡು. ಒಂದು ಕಾಲಕ್ಕೆ ಅಲ್ಲಿ ಕಾಡೆಮ್ಮೆಗಳು ಕರಿಮೋಡ ನೆಲಕ್ಕಿಳಿದ ಹಾಗೆ ಮೇಯುತ್ತಿದ್ದವು. ಆಮೇಲೆ ಬಂದೂಕಿನವರು ಬಂದರು. ಹುಲ್ಲು ಉಳಿಯಿತು, ಎಮ್ಮೆ ಉಳಿಯಲಿಲ್ಲ.

ಎಷ್ಟೋ ಕಾಲವಾದ ಮೇಲೆ ಆ ಜನರ ಮೊಮ್ಮಕ್ಕಳು, "ನಮ್ಮ ಎಮ್ಮೆಗಳನ್ನು ಮನೆಗೆ ಕರೆತರೋಣ" ಅಂದರು. ಎಲ್ಲೋ ಬೇಲಿಯೊಳಗೆ ಹುಟ್ಟಿದ್ದ ತಬ್ಬಲಿ ಕರುಗಳನ್ನು ಲಾರಿಯಲ್ಲಿ ತಂದು, ಹಾಡು ಹೇಳಿ, ಹುಲ್ಲಿಗೆ ಬಿಟ್ಟರು. ಆದರೆ ಅವರ ಹಿರಿಯರು ಸುಮ್ಮನಿರಲಿಲ್ಲ. "ಬರೀ ಮಕ್ಕಳನ್ನು ಬಿಟ್ಟರೆ ಹೇಗ್ರಯ್ಯಾ? ಕಲಿಸೋಕೆ ಒಬ್ಬ ಅಜ್ಜಿ ಬೇಡವೇ?" ಅಂತ, ಬೆಟ್ಟದಲ್ಲಿ ಅಡಗಿ ಬದುಕಿದ್ದ ಒಂದು ಮುದಿ ಎಮ್ಮೆಯನ್ನೂ ತಂದು ಜೊತೆಗೆ ಬಿಟ್ಟರು. ಅದಕ್ಕೆ ಒಂದು ಕೊಂಬು ಮುರಿದಿತ್ತು.

ಕರುಗಳಿಗೆ ಗಾಳಿಗೆ ಭಯ, ನೆರಳಿಗೆ ಭಯ. ಬೇಲಿಯೊಳಗೆ ಪೆಟ್ಟು ಯಾವಾಗಲೂ ಹಿಂದಿನಿಂದ ಬೀಳುತ್ತಿತ್ತು. ಕೋಲಿನ ಸದ್ದಾದರೆ ಓಡಿಹೋಗಿ ಮೂಲೆಗೆ ಮುಖ ಒತ್ತಿ ಕಣ್ಣು ಮುಚ್ಚುವುದು. ಅವಕ್ಕೆ ಗೊತ್ತಿದ್ದದ್ದು ಅಷ್ಟೇ.

ಅಜ್ಜಿಯೆಮ್ಮೆ ದಿನಾ ಕಲಿಸುತ್ತಿತ್ತು. "ತೋಳ ಬಂದರೆ ದುಂಡಗೆ ನಿಲ್ಲಬೇಕು. ಬೆನ್ನು ಒಳಗೆ, ಮುಖ ಹೊರಗೆ. ಪಕ್ಕೆಗೆ ಪಕ್ಕೆ ತಾಗಿರಬೇಕು."

ಕೆಂಚಿ ಎಂಬ ಕೆಂಪು ಕಡಸು ನಿಲ್ಲಲು ಹೋಯಿತು. ಯಾರದೋ ಮೈ ತಾಗಿತು. ಚಂಗನೆ ಹಾರಿತು.

"ಅಯ್ಯೋ, ಮುಟ್ಟಬೇಡಿ!"

"ಕೋಲಲ್ಲ ಕಣೇ, ನಿನ್ನ ತಮ್ಮ."

"ಗೊತ್ತಜ್ಜೀ. ಆದರೂ ಬೆನ್ನು ಕೇಳೋದಿಲ್ಲ. ಬೇಲಿ ಮೂಲೆಗೆ ಓಡೋಣ ಅನ್ನಿಸುತ್ತೆ."

ಇದನ್ನೆಲ್ಲ ಒಂದು ನರಿ ಪೊದೆಯ ಮರೆಯಿಂದ ನೋಡುತ್ತಿತ್ತು. ನೇರ ತೋಳಗಳ ಹತ್ತಿರ ಓಡಿತು. "ಒಂದು ಕರುವನ್ನಲ್ಲ, ಇಡೀ ಮಂದೆಯನ್ನೇ ಕೊಡಿಸ್ತೀನಿ. ಹೊಟ್ಟೆಯೊಳಗಿನ ಮೆತ್ತನೆಯ ಈಲಿ ಮಾತ್ರ ನನಗಿರಲಿ," ಅಂದಿತು. ತೋಳಗಳು ಬಾಯಿ ಚಪ್ಪರಿಸಿದವು.

ಮಾರನೆಯ ದಿನ ಮಧ್ಯಾಹ್ನವೇ ಮೋಡ ಕವಿದು ಹಿಮ ಬೀಳತೊಡಗಿತು. ದೂರದಲ್ಲಿ ತೋಳ ಊಳಿಟ್ಟಿತು. ಅಜ್ಜಿಯೆಮ್ಮೆ ಸದ್ದು ಬಂದ ದಿಕ್ಕು ನೋಡಲು ದಿಬ್ಬ ಹತ್ತಿತು. ನರಿ ಮೆಲ್ಲಗೆ ಕೆಂಚಿಯ ಪಕ್ಕ ಬಂತು.

"ಏನಮ್ಮಾ ಕೆಂಚಿ, ಆ ಮುದುಕಿ ಮಾತು ಕೇಳ್ತೀಯಾ? ತೋಳದ ಬಾಯಿಗೆ ಮುಖ ಕೊಟ್ಟು ನಿಲ್ಲು ಅಂತಾಳಲ್ಲ, ನಿನ್ನ ತಿಂದರೆ ತಾನು ಉಳೀಬಹುದು ಅಂತ!"

"ಮತ್ತೇನು ಮಾಡಲಿ ನರಿ ಮಾವಾ?"

"ಹಳ್ಳದ ಹತ್ತಿರ ಬಂಡೆಗಳ ಒಂದು ಮೂಲೆ ಇದೆ. ನಿನ್ನ ಬೇಲಿ ಮೂಲೆ ಇದ್ದ ಹಾಗೇ! ಮುಖ ಒತ್ತಿ ಕಣ್ಣು ಮುಚ್ಚಿಕೋ. ಬಾ, ನಾನೇ ತೋರಿಸ್ತೀನಿ."

ಮೂಲೆ ಅಂದದ್ದೇ ತಡ, ಕೆಂಚಿ ಓಡಿತು. ಹಿಂದೆಯೇ ಕರುಗಳೆಲ್ಲ ಓಡಿದವು. ನರಿ ಮುಂದೆ ಮುಂದೆ ಓಡಿ ಬಂಡೆಗಳ ನಡುವೆ ಹೊಕ್ಕಿತು. ಕರುಗಳೂ ನುಗ್ಗಿ, ಕಲ್ಲಿಗೆ ಮುಖ ಒತ್ತಿ, ಕಣ್ಣು ಮುಚ್ಚಿದವು. ಆಗ ಹಿಮದೊಳಗಿಂದ ತೋಳಗಳು ಒಂದೊಂದಾಗಿ ಹೊರಬಂದವು. ಸದ್ದೇ ಇಲ್ಲ.

ಅಜ್ಜಿಯೆಮ್ಮೆ ಏದುಸಿರು ಬಿಡುತ್ತಾ ಓಡಿಬಂದು ಮೂಲೆಯ ಬಾಯಿಗೆ ಅಡ್ಡ ನಿಂತಿತು. ಒಂದೇ ಕೊಂಬು. ಎದುರಿಗೆ ಅಷ್ಟು ತೋಳ.

"ಮಕ್ಕಳೇ, ತಿರುಗಿ ನಿಲ್ರೋ!"

ಯಾರೂ ತಿರುಗಲಿಲ್ಲ. ಗುರ್ ಎಂಬ ಸದ್ದು ಕೇಳಿತು. ಬಟ್ಟೆ ಹರಿದಂತೆ ಇನ್ನೊಂದು ಸದ್ದು. ಬಿಸಿ ರಕ್ತದ ವಾಸನೆ ಬಂತು. ಅಜ್ಜಿ ನರಳಿತು, ಆದರೆ ಕದಲಲಿಲ್ಲ.

ಕರುಗಳನ್ನು ತೋಳಕ್ಕೆ ಕೊಟ್ಟು ತಾನುಳಿಯುವ ಅಜ್ಜಿ ಅಲ್ಲ ಇದು ಎಂದು ಕೆಂಚಿಗೆ ಆಗ ತಿಳಿಯಿತು. ಮೆಲ್ಲಗೆ ಕಣ್ಣು ಬಿಟ್ಟಿತು. ಮೆಲ್ಲಗೆ ತಿರುಗಿತು. ಹಳದಿ ಕಣ್ಣುಗಳು ಅದನ್ನೇ ನೋಡುತ್ತಿದ್ದವು! ಓಡಲು ಜಾಗವಿರಲಿಲ್ಲ. ಕೆಂಚಿ ಹೋಗಿ ಅಜ್ಜಿಯ ಪಕ್ಕೆಗೆ ಪಕ್ಕೆ ತಾಗಿಸಿ ನಿಂತಿತು. ಈ ಸಲ ಮೈ ಹಾರಲಿಲ್ಲ. ಅಜ್ಜಿಯ ಮೈ ಒಲೆಯ ಹಾಗೆ ಬೆಚ್ಚಗಿತ್ತು.

"ತಮ್ಮಾ, ತಿರುಗೋ! ಬೆನ್ನಿಗೆ ನಾವಿದ್ದೀವಿ!" ಎಂದು ಕೂಗಿತು.

ತಮ್ಮ ತಿರುಗಿತು. ಇನ್ನೊಂದು ಕರು ತಿರುಗಿತು. ನೋಡುನೋಡುತ್ತಿದ್ದಂತೆ ಮೂಲೆಯ ಬಾಯಿಗೆ ಎಳೆಗೊಂಬುಗಳ ಗೋಡೆ ಎದ್ದಿತು. ತೋಳಗಳು ಹಾರಿ ನೋಡಿದವು. ಎತ್ತ ಹಾರಿದರೂ ಕೊಂಬು ತಿವಿಯಿತು.

ಒಳಗೆ ಸಿಕ್ಕಿಕೊಂಡಿದ್ದ ನರಿ ಕಾಲುಗಳ ನಡುವೆ ನುಸುಳಿ ಹೊರಗೆ ಬಿತ್ತು. "ನಾನು ಕಣ್ರಣ್ಣಾ, ನಿಮ್ಮ ಕಡೆಯವನು!"

"ಊಟಕ್ಕೆ ಕರೆದವನು ನೀನು. ಊಟ ಎಲ್ಲಿ?" ಅಂದಿತು ಹಸಿದ ತೋಳ.

ನರಿ ಹಿಂದಕ್ಕೆ ಹಾರುವಷ್ಟರಲ್ಲಿ ತೋಳಗಳು ಅದನ್ನು ಕಚ್ಚಿ ಎಳೆದುಕೊಂಡು ಹಿಮದಲ್ಲಿ ಮರೆಯಾದವು.

ಕೆಂಚಿ ಅಜ್ಜಿಯ ಗಾಯದ ಕಾಲನ್ನು ನೆಕ್ಕಿತು. "ಅಜ್ಜೀ, ತೋಳ ಮತ್ತೆ ಬರುತ್ತಾ?"

"ಬರುತ್ತೆ ಮಗಳೇ."

ಕರುಗಳು ಇನ್ನಷ್ಟು ಒತ್ತೊತ್ತಾಗಿ ನಿಂತವು. ಒಂದೂ ಬಂಡೆಯ ಕಡೆ ತಿರುಗಲಿಲ್ಲ.

ನೀತಿ: ಕಣ್ಣು ಮುಚ್ಚಿಕೊಂಡರೆ ಭಯ ಹೋಗುವುದಿಲ್ಲ, ಹಿರಿಯರು ಕಲಿಸಿದಂತೆ ಒಬ್ಬರಿಗೊಬ್ಬರು ಆಸರೆಯಾಗಿ ಅದಕ್ಕೆ ಮುಖ ಕೊಟ್ಟು ನಿಲ್ಲಬೇಕು. ಹೆದರಿದವರನ್ನು ಮೋಸದಿಂದ ಬಲಿಕೊಡಲು ಹೋದವನು ತಾನೇ ಬಲಿಯಾಗುತ್ತಾನೆ.