ಸಾಹೇಬರ ಕುರ್ಚಿಗೆ ಒಣ ಜಾಗ

ಮಂಡಕ್ಕಿ ಹುರಿದು ಬದುಕುವ ಸಣ್ಣೀರಮ್ಮನ ಮನೆಯ ಅರ್ಧ ಹೆಂಚನ್ನು ಬಿರುಗಾಳಿ ಹೊತ್ತೊಯ್ದಿತು. ಉಳಿದರ್ಧ ಬಿರುಕು ಬಿಟ್ಟಿತ್ತು. ಮೂರು ದಿನದ ಮೇಲೆ ನಷ್ಟ ನೋಡಲು ಸರ್ಕಾರದ ಕಡೆಯಿಂದ ಸಾಹೇಬರು ಬಂದರು. ರಸ್ತೆಯಲ್ಲೇ ನಿಂತು, ಕತ್ತೆತ್ತಿ ನೋಡಿ, ತೀರ್ಪು ಕೊಟ್ಟರು.

"ಅರ್ಧ ಸೂರು ಚೆನ್ನಾಗೇ ಇದೆ. ಭಾಗಶಃ ಹಾನಿ ಅಂತ ಬರೀತೀನಿ."

ಹಾಗೆ ಬರೆದರೆ ಸಿಗುವುದು ಒಂದಿಷ್ಟು ಹೆಂಚು. ಪೂರ್ಣ ಹಾನಿ ಅಂತ ಬರೆದರೆ ಹೊಸ ಸೂರು. ಸಣ್ಣೀರಮ್ಮ ವಾದಕ್ಕೆ ಇಳಿಯಲಿಲ್ಲ. ಪಡುವಣದ ಮೋಡವನ್ನೊಮ್ಮೆ ನೋಡಿದಳು.

"ತಾವು ಹೇಳಿದ ಮೇಲೆ ಆಯ್ತು ಸ್ವಾಮಿ. ಆದರೆ ಮಹಜರು ಜಾಗದಲ್ಲೇ ಕೂತು ಬರೀಬೇಕಂತಲ್ಲ. ಒಳಗೆ ಬನ್ನಿ, ಆ ಚೆನ್ನಾಗಿರೋ ಭಾಗದಲ್ಲೇ ಕುರ್ಚಿ ಹಾಕ್ತೀನಿ. ಖಾರ ಮಂಡಕ್ಕಿನೂ ಕೊಡ್ತೀನಿ."

ಸಾಹೇಬರಿಗೆ ಈ ಮರ್ಯಾದೆ ಹಿಡಿಸಿತು. ಕೂತರು, ತಿಂದರು, ನಿಧಾನವಾಗಿ ಬರೆಯಲು ಶುರುಮಾಡಿದರು. ನಾಲ್ಕು ಸಾಲು ಆಗುವಷ್ಟರಲ್ಲಿ ಮಳೆ ಹಿಡಿಯಿತು. ಮೊದಲ ಹನಿ ಕಾಗದದ ಮೇಲೇ ಬಿತ್ತು. ಕುರ್ಚಿಯನ್ನು ಗೋಡೆಯ ಕಡೆ ಸರಿಸಿದರು. ಅಲ್ಲಿ ನೀರು ಕಾಲರಿನೊಳಗೆ ಇಳಿಯಿತು. ಒಲೆಯ ಹತ್ತಿರ ಎಳೆದುಕೊಂಡು ಹೋದರು. ಅಲ್ಲಿ ಉಳಿದ ಮಂಡಕ್ಕಿ ತಟ್ಟೆಯಲ್ಲೇ ತೇಲತೊಡಗಿತು.

"ಏನಮ್ಮಾ, ನಾನು ಎಲ್ಲಿ ಕೂರಲಿ?"

ಸಣ್ಣೀರಮ್ಮ ತಲೆಯ ಮೇಲೆ ಮೊರ ಹಿಡಿದು ನಿಂತಿದ್ದಳು.

"ಆ ಚೆನ್ನಾಗಿರೋ ಭಾಗದಲ್ಲೇ ಕೂರಿ ಸ್ವಾಮಿ. ಅದು ಎಲ್ಲಾದರೂ ಸಿಕ್ಕರೆ ನನಗೂ ತೋರಿಸಿ. ಮೂರು ದಿನದಿಂದ ನಾನೂ ಹುಡುಕ್ತಾ ಇದ್ದೀನಿ."

ಸಾಹೇಬರು ಬಂದು ಅವಳ ಮೊರದ ಕೆಳಗೇ ತಲೆ ತೂರಿಸಿದರು. ಅಲ್ಲೇ ನಿಂತು 'ಭಾಗಶಃ' ಹೊಡೆದುಹಾಕಿ 'ಪೂರ್ಣ' ಅಂತ ಬರೆದರು.